ಗೂಡಿನ ಕಟ್ಟಿಗೆ ಮೊದಲು ಎಲ್ಲಿತ್ತು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಊರುಗಳಲ್ಲಿ ಕೋಳಿ ಗೂಡಿಗೆಂದು ಹೊಸ ಕಟ್ಟಿಗೆ ಕೊಳ್ಳುವವರು ಅಪರೂಪ. ಹಳೆಯ ಮನೆ ಕೆಡವಿದಾಗ ಉಳಿದ ಬಾಗಿಲ ಹಲಗೆ, ಮುರಿದ ಚಕ್ಕಡಿಯ ಪಟ್ಟಿ, ಹಣ್ಣಿನ ಅಂಗಡಿಯ ಖಾಲಿ ಪೆಟ್ಟಿಗೆ, ಗುಜರಿಯಲ್ಲಿ ಸಿಕ್ಕ ಪ್ಯಾಲೆಟ್ಟು ಇಷ್ಟು ಕೂಡಿದರೆ ಹತ್ತಿಪ್ಪತ್ತು ಕೋಳಿಗೆ ಮನೆ ಎದ್ದು ನಿಲ್ಲುತ್ತದೆ. ನಾಲ್ಕು ಮೊಟ್ಟೆ, ಹಬ್ಬಕ್ಕೊಂದು ಹುಂಜ ಎಂಬ ಲೆಕ್ಕದ ಹಿತ್ತಲ ಸಾಕಣೆಗೆ ಸಾವಿರಾರು ರೂಪಾಯಿ ಸುರಿದು ಸಾಗವಾನಿಯ ಗೂಡು ಮಾಡಿಸು ಎಂದು ಹೇಳುವುದೂ ತಪ್ಪು. ಆದರೆ ‘ಗೂಡಿಗೆ ಯಾವ ಮರ ಒಳ್ಳೇದರೀ?’ ಎಂದು ಬಡಗಿಯನ್ನು ಕೇಳುವವರು, ‘ಈ ಕಟ್ಟಿಗೆ ಇಷ್ಟು ದಿನ ಎಲ್ಲಿತ್ತು?’ ಎಂದು ಗುಜರಿಯವನನ್ನು ಕೇಳುವುದಿಲ್ಲ. ನನಗೆ ಎರಡನೆಯದೇ ದೊಡ್ಡ ಪ್ರಶ್ನೆ. ಈ ಸೀಮೆಯಲ್ಲಿ ಸಿಗುವ ಮರಗಳಲ್ಲಿ ತನ್ನಷ್ಟಕ್ಕೆ ತಾನೇ ಕೋಳಿಗೆ ವಿಷವಾಗುವಂಥವು ಬೆರಳೆಣಿಕೆಯಷ್ಟು. ಕೆಡುಕು ಬರುವುದು ಮನುಷ್ಯನ ಕೈ ಸೇರಿದ ಮೇಲೆ ಆ ಕಟ್ಟಿಗೆಗೆ ಬಳಿದದ್ದರಿಂದ, ಕುಡಿಸಿದ್ದರಿಂದ, ಅದರ ಮೇಲೆ ಚೆಲ್ಲಿದ್ದರಿಂದ.

ಕೋಳಿಯ ಸ್ವಭಾವವೇ ಈ ಎಚ್ಚರವನ್ನು ಬೇಡುತ್ತದೆ. ದನ ಕಟ್ಟಿದ ಗೂಟವನ್ನು ನೆಕ್ಕಿದರೆ ನೆಕ್ಕೀತು. ಕೋಳಿಗೆ ಮಾತ್ರ ಕಣ್ಣಿಗೆ ಬಿದ್ದದ್ದನ್ನೆಲ್ಲ ಕುಕ್ಕಿ ನೋಡಲೇಬೇಕು. ಎದ್ದ ಬಣ್ಣದ ಚಕ್ಕೆ, ಮೊಳೆಯ ಸುತ್ತಲಿನ ಪುಡಿ, ಒದ್ದೆ ಹಲಗೆಯ ಸಿಬಿರು, ಯಾವುದನ್ನೂ ಬಿಡದು. ಗೂಡಿನ ಬುಡದ ಮಣ್ಣಿನಲ್ಲೇ ಹೊರಳಿ ಮೈಗೆ ಧೂಳು ಹಾಕಿಕೊಳ್ಳುತ್ತದೆ. ಮಳೆ ನೀರು ಹಲಗೆಯಿಂದ ಇಳಿಸಿದ್ದೆಲ್ಲ ಸೇರುವುದೂ ಆ ಮಣ್ಣಿಗೇ. ಕೊಬ್ಬಿನಲ್ಲಿ ಕರಗುವ ವಿಷಗಳು ಕೋಳಿಯ ಮೈಯಿಂದ ಹೊರಬೀಳುವ ಹತ್ತಿರದ ದಾರಿ ಮೊಟ್ಟೆಯ ಹಳದಿ ಲೋಳೆ. ಕೋಳಿ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇರಬಹುದು, ಮೊಟ್ಟೆ ತಿನ್ನುವುದು ಮನೆಯ ಮಕ್ಕಳು.

ಮೊದಲು ಮರದ ಮಾತು. ಕರಿಮಣ್ಣಿನ ಬದುಗಳಲ್ಲಿ, ಹಳ್ಳದ ದಂಡೆಯಲ್ಲಿ ಯಾರೂ ನೆಡದೆ ಬೆಳೆಯುವ ಕರಿಜಾಲಿ ಇಲ್ಲಿನ ಒಕ್ಕಲುತನದ ಹಳೆಯ ಕಟ್ಟಿಗೆ. ನೇಗಿಲು, ಕುಂಟೆ, ಕೂರಿಗೆ, ಚಕ್ಕಡಿಯ ಗುಂಬ ಎಲ್ಲವೂ ಇದರವೇ. ಇದರ ಕೆಂಪು ಕೆಚ್ಚು ಭಾರ, ಗಟ್ಟಿ, ಒರಲೆಗೆ ಸುಲಭವಾಗಿ ಬಗ್ಗುವುದಿಲ್ಲ. ಹೊರಗಿನ ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ, ವರ್ಷ ತುಂಬುವುದರೊಳಗೆ ಕುಟ್ಟೆ ಹಿಡಿದು ಹಿಟ್ಟು ಉದುರುತ್ತದೆ. ‘ಜಾಲಿ ಬಾಳಲಿಲ್ಲ’ ಎಂದು ದೂರುವವರು ತಂದಿರುವುದು ಬಹಳ ಸಲ ಎಳೆಯ ಮರದ ಬಿಳಿ ಕಟ್ಟಿಗೆಯನ್ನೇ. ಬಲಿತ ಮರದ ಕೆಚ್ಚನ್ನು ಆರಿಸಿ, ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ ಬಳಸುವುದು ಹಿರಿಯರ ಪದ್ಧತಿ. ನೀರು ಒಳಗಿನ ಪಿಷ್ಟವನ್ನು ಎಳೆದುಹಾಕುತ್ತದೆ, ಹುಳಕ್ಕೆ ಉಣ್ಣಲು ಏನೂ ಉಳಿಯುವುದಿಲ್ಲ. ಒಣಗಿದ ಜಾಲಿಗೆ ಮೊಳೆ ಇಳಿಯದು, ಹೊಡೆದರೆ ಸೀಳುತ್ತದೆ. ಮೊದಲು ತೂತು ಕೊರೆದುಕೊಳ್ಳಬೇಕು. ಸಿಪ್ಪೆಯನ್ನಂತೂ ಬಿಡಲೇಬಾರದು, ಕಾರಣ ಮುಂದೆ ಬರುತ್ತದೆ. ಸುಲಿದ ಸಿಪ್ಪೆಗೂ ಈ ನಾಡಿನಲ್ಲಿ ಗಿರಾಕಿ ಇದ್ದ ಕಾಲವಿತ್ತು: ಅಥಣಿ, ನಿಪ್ಪಾಣಿ ಸೀಮೆಯ ಚಪ್ಪಲಿಯ ಚರ್ಮವನ್ನು ಹದ ಮಾಡಿದ್ದು ಜಾಲಿ ಸಿಪ್ಪೆ ಮತ್ತು ಅಳಲೆಕಾಯಿಯ ಒಗರಿನಿಂದಲೇ.

ಬಳ್ಳಾರಿ ಜಾಲಿ ಬೇರೆ ಮರ. ಅಥಣಿ ತಾಲ್ಲೂಕಿನ ಪೂರ್ವದ ಒಣ ಭೂಮಿಯಲ್ಲಿ ಬೇಲಿಯಾಗಿ, ಉರುವಲಾಗಿ ಹಬ್ಬಿದೆ. ಕಟ್ಟಿಗೆ ಗಟ್ಟಿಯೇ, ವಿಷವೂ ಅಲ್ಲ. ಸೊಟ್ಟಗೆ ಬೆಳೆಯುವುದರಿಂದ ಹಲಗೆ ಬರುವುದಿಲ್ಲ, ಗೂಟಕ್ಕೆ, ಕೋಳಿ ಕೂರುವ ಅಡ್ಡಗೋಲಿಗೆ ಆದೀತು. ಮುಳ್ಳಿನ ಬುಡವನ್ನು ಪೂರಾ ಕೆತ್ತಿ ತೆಗೆಯಬೇಕು. ಇಲ್ಲವಾದರೆ ಕೋಳಿ ಮೇಲಿಂದ ಜಿಗಿದಾಗ ಅಂಗಾಲು ಚುಚ್ಚಿ, ಒಳಗೆ ಕೀವಾಗಿ, ಪಾದ ಗಂಟುಗಟ್ಟುತ್ತದೆ. ಕುಂಟುವ ಕೋಳಿ ತೂಕ ಕಳೆದುಕೊಳ್ಳುತ್ತದೆ. ಇದನ್ನು ಕಾಯಿಲೆ ಎಂದು ಮದ್ದು ಕೊಡುವವರಿದ್ದಾರೆ, ಕಾರಣ ಮಾತ್ರ ಅಡ್ಡಗೋಲಿನಲ್ಲಿ ಕೂತಿರುತ್ತದೆ.

ಬೇವಿನ ಬಗ್ಗೆ ನಮಗೆಲ್ಲ ಭಕ್ತಿ ಹೆಚ್ಚು. ಬೇವಿನ ಕಟ್ಟಿಗೆಯ ಗೂಡಿಗೆ ಹುಳ ಸುಳಿಯುವುದಿಲ್ಲ ಎಂಬ ನಂಬಿಕೆ ಅರ್ಧ ನಿಜ. ಕೆಚ್ಚಿಗೆ ಒರಲೆ ಬೇಗ ಹತ್ತುವುದಿಲ್ಲ, ಸರಿ. ಕೋಳಿಯ ರಕ್ತ ಹೀರುವ ಉಣ್ಣಿಗೆ ಮಾತ್ರ ಹಲಗೆ ಬೇವಿನದೋ ಮಾವಿನದೋ ಎಂಬ ಭೇದವಿಲ್ಲ, ಬಿರುಕು ಸಿಕ್ಕರೆ ಸಾಕು. ಬೇವಿನ ಎಣ್ಣೆಯಲ್ಲಿರುವ ಗುಣ ಒಣ ಹಲಗೆಯಲ್ಲಿ ಇರುವುದಿಲ್ಲ. ಆದರೂ ಬೇವು ನಿರಪಾಯದ ಕಟ್ಟಿಗೆ, ಸಿಕ್ಕರೆ ಬಳಸಬೇಕು. ಸಾಗವಾನಿ ಎಲ್ಲಕ್ಕಿಂತ ಮೇಲು, ಬೆಲೆ ಕೇಳುವುದು ಬೇಡ. ಮಾವು ಮೆತ್ತಗೆ, ಮಳೆಗೆ ಕಪ್ಪಾಗಿ ಮೆದುವಾಗುತ್ತದೆ, ಒಳಗಿನ ಮೊಟ್ಟೆ ಪೆಟ್ಟಿಗೆಗೆ ಸಾಕು. ನೀಲಗಿರಿ ಒಣಗುವಾಗ ಸೀಳುತ್ತದೆ. ಸುಬಾಬುಲ್‌ನ ಸೊಪ್ಪು, ಬೀಜಗಳಲ್ಲಿರುವ ಮಿಮೋಸಿನ್ ಕೋಳಿಯ ಬೆಳವಣಿಗೆಯನ್ನೂ ಮೊಟ್ಟೆಯನ್ನೂ ಕುಗ್ಗಿಸುತ್ತದೆ. ಎಲೆ, ಕಾಯಿ ಸವರಿದ ಕಟ್ಟಿಗೆಗೆ ಆ ದೋಷವಿಲ್ಲ.

ನಿಜಕ್ಕೂ ಮುಟ್ಟಬಾರದ ಗಿಡ ಕಣಗಿಲು. ಮನೆಯಂಗಳದಲ್ಲೂ ಹೆದ್ದಾರಿಯ ನಡುವಿನ ಪಟ್ಟಿಯಲ್ಲೂ ಹೂ ತುಂಬಿ ನಿಂತಿರುವ ಇದರ ಎಲೆ, ಕಾಂಡ, ತೊಗಟೆ ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷವಿದೆ. ನೆಟ್ಟಗಿನ ಕೋಲು ಸಿಕ್ಕಿತೆಂದು ಅಡ್ಡಗೋಲು ಮಾಡಬಾರದು. ಕಳ್ಳಿಯ ಹಸಿ ಗೂಟವೂ ಬೇಡ, ಹಾಲು ಕಣ್ಣು ಸುಡುತ್ತದೆ. ಮರದ ಜಾತಿಯಿಂದ ಬರುವ ಅಪಾಯದ ಪಟ್ಟಿ ಹೆಚ್ಚುಕಡಿಮೆ ಇಷ್ಟೇ. ವಿದೇಶದ ಕೈಪಿಡಿಗಳು ಸೀಡರ್, ರೆಡ್‌ವುಡ್, ಕಪ್ಪು ವಾಲ್‌ನಟ್ ಎಂದು ಪುಟಗಟ್ಟಲೆ ಚರ್ಚಿಸುತ್ತವೆ. ಹಾರೂಗೇರಿಯ ಕಟ್ಟಿಗೆ ಅಡ್ಡೆಯಲ್ಲಿ ಅವನ್ನು ಹುಡುಕುವ ತೊಂದರೆ ಯಾರಿಗೂ ಬೇಕಿಲ್ಲ.

ಇನ್ನು ಕಟ್ಟಿಗೆಯ ಪೂರ್ವಾಶ್ರಮ. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಇವೆಲ್ಲ ಮೀರಜ್–ಲೋಂಡಾ ರೈಲು ದಾರಿಯ ನಿಲ್ದಾಣಗಳು. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು, ಮರದ ಸ್ಲೀಪರಿನ ಜಾಗಕ್ಕೆ ಕಾಂಕ್ರೀಟಿನದು ಬಂತು. ರೈಲಿನ ಹಳೆಯ ಸ್ಲೀಪರು ಎಲ್ಲಿ ಸಿಕ್ಕರೂ ಆಸೆ ಹುಟ್ಟಿಸುವ ವಸ್ತು: ಆನೆಯಂಥ ತೊಲೆ, ಹುಳ ತಿಂದಿಲ್ಲ, ಬೆಲೆ ಕಡಿಮೆ. ಹುಳ ಯಾಕೆ ತಿಂದಿಲ್ಲ ಎಂದು ಕೇಳಬೇಕು. ಸಾಗವಾನಿ, ಸಾಲ್ ಮರದವು ತಮ್ಮ ಸ್ವಂತ ಗಟ್ಟಿತನದಿಂದ ಉಳಿದಿರಬಹುದು. ಉಳಿದ ಜಾತಿಗಳಿಗೆ ಕ್ರಿಯೋಸೋಟ್ ಕುಡಿಸಿರುತ್ತಾರೆ. ಕಲ್ಲಿದ್ದಲ ಡಾಂಬರಿನಿಂದ ಬಟ್ಟಿ ಇಳಿಸಿದ ಈ ಎಣ್ಣೆಯಲ್ಲಿ ಕ್ಯಾನ್ಸರ್ ತರುವ ಸಂಯುಕ್ತಗಳಿವೆ. ಬೇಸಿಗೆಯ ಬಿಸಿಲಿಗೆ ದಶಕಗಳ ನಂತರವೂ ಮೇಲೆ ಜಿನುಗುತ್ತದೆ. ಸಾಲದ್ದಕ್ಕೆ ಇಂಜಿನ್ನಿನ ಎಣ್ಣೆ, ಡಬ್ಬಿಗಳಿಂದ ಬಿದ್ದ ಹೊಲಸು. ಮೂಸಿದರೆ ಡಾಂಬರಿನ ವಾಸನೆ ಬರುವ ತೊಲೆಯನ್ನು ಗೂಡಿನ ಹತ್ತಿರಕ್ಕೂ ತರಬಾರದು.

ಹಸಿರು ಛಾಯೆಯ ಕಟ್ಟಿಗೆಯ ಕಥೆ ಇನ್ನೂ ಸ್ವಾರಸ್ಯದ್ದು, ಅದು ನಮ್ಮ ದೇಶದ್ದೇ. 1933ರಲ್ಲಿ ದೆಹ್ರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶನ್ ಎಂಬ ವಿಜ್ಞಾನಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಲವಣ ಬೆರೆಸಿ ಮರಕ್ಕೆ ಕುಡಿಸುವ ದ್ರಾವಣ ಕಂಡುಹಿಡಿದರು. ತಾಮ್ರ ಬೂಷ್ಟನ್ನು ಕೊಲ್ಲುತ್ತದೆ, ಆರ್ಸೆನಿಕ್ ಕೀಟವನ್ನು, ಕ್ರೋಮಿಯಂ ಎರಡನ್ನೂ ಮರದೊಳಗೆ ಕಚ್ಚಿ ಹಿಡಿಯುತ್ತದೆ. ‘ಆಸ್ಕು’ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಸುತ್ತಿದ ಈ ವಿದ್ಯೆಯಿಂದ ವಿದ್ಯುತ್ ಕಂಬ, ಗಣಿಯ ತೊಲೆ, ಕೂಲಿಂಗ್ ಟವರ್‌ಗಳ ಚೌಕಟ್ಟು ದಶಕಗಟ್ಟಲೆ ಬಾಳಿದವು. ಬಾಳಿಕೆಯ ಬೆಲೆ ಆಮೇಲೆ ಗೊತ್ತಾಯಿತು. ಮಳೆಗೆ ಸ್ವಲ್ಪ ಸ್ವಲ್ಪ ಆರ್ಸೆನಿಕ್ ಮಣ್ಣಿಗಿಳಿಯುತ್ತದೆ. ಮಕ್ಕಳ ಆಟದ ಸಾಮಾನಿಗೂ ಮನೆಯ ಜಗಲಿಗೂ ಇದನ್ನು ಬಳಸುವುದನ್ನು ಅಮೆರಿಕದ ಉದ್ಯಮ 2003ರ ಕೊನೆಗೆ ನಿಲ್ಲಿಸಿತು. ಇಲ್ಲಿ ಹಿತ್ತಲ ಗೂಡಿಗೆಂದು ಆಸ್ಕು ಕಟ್ಟಿಗೆ ಕೊಳ್ಳುವವರಿಲ್ಲ. ಯಾವುದೋ ಕಾರ್ಖಾನೆಯ ಗುಜರಿಯಲ್ಲಿ, ಕೊಯ್ದ ತುದಿಯಲ್ಲಿ ಹಸಿರು ಕಾಣುವ ಪಟ್ಟಿ ಬಂದರೆ ಬೇಡ ಎನ್ನುವಷ್ಟು ಗುರುತು ಇರಬೇಕು. ಅದನ್ನು ಒಲೆಗೂ ಹಾಕಬಾರದು. ಆರ್ಸೆನಿಕ್ ಬಹುಪಾಲು ಬೂದಿಯಲ್ಲೇ ಉಳಿಯುತ್ತದೆ. ನಮ್ಮಲ್ಲಿ ಒಲೆಯ ಬೂದಿಯನ್ನು ಕೋಳಿ ಹೊರಳಲಿ ಎಂದು ಗೂಡಿನ ಮುಂದೆಯೇ ಚೆಲ್ಲುವ ರೂಢಿ ಇದೆ. ಉರುವಲು ಶುದ್ಧವಾಗಿದ್ದರೆ ಆ ರೂಢಿ ಬಹಳ ಒಳ್ಳೆಯದು, ಹೇನು ಉದುರುತ್ತವೆ.

ಕಾಗಲ್, ಶಿರೋಲಿಯ ಕೈಗಾರಿಕಾ ವಸಾಹತುಗಳು ನಿಪ್ಪಾಣಿಗೆ ದೂರವಲ್ಲ. ಅಲ್ಲಿಗೆ ಯಂತ್ರ ಹೊತ್ತು ಬಂದ ಪೈನ್ ಪ್ಯಾಲೆಟ್ಟು, ಪೆಟ್ಟಿಗೆಗಳು ಹೆದ್ದಾರಿಯ ಗುಜರಿಗಳಲ್ಲಿ ರಾಶಿ ಬೀಳುತ್ತವೆ. ಹಗುರ, ನುಣುಪು, ಮೊಳೆ ಸಲೀಸು. ಹೊರದೇಶಕ್ಕೆ ಹೋಗುವ, ಅಲ್ಲಿಂದ ಬರುವ ಮರದ ಪ್ಯಾಕಿಂಗ್ ಮೇಲೆ ತೆನೆಯ ಚಿತ್ರವಿರುವ ಮುದ್ರೆ ಸುಟ್ಟಿರುತ್ತಾರೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಕಾಯಿಸಿ ಹುಳ ಕೊಂದದ್ದು, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು. ಮೊದಲನೆಯದನ್ನು ನಂಬಬಹುದು. ಎರಡನೆಯದರ ಅನಿಲ ಬಹುಮಟ್ಟಿಗೆ ಹಾರಿಹೋಗಿರುತ್ತದೆ, ಆದರೂ ಆಯ್ಕೆ ಇರುವಾಗ ಅದನ್ನೇ ಯಾಕೆ ತರಬೇಕು? ಮುದ್ರೆಗಿಂತ ಕಲೆ ಮುಖ್ಯ. ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಗುರುತಿದ್ದರೆ ಎಂಥ ಮುದ್ರೆಯೂ ಅದನ್ನು ತೊಳೆಯುವುದಿಲ್ಲ.

ಹಳೆಯ ವಾಡೆಗಳ ಬಾಗಿಲು, ಕಿಟಕಿಗಳಲ್ಲಿ ಅಪ್ಪಟ ಸಾಗವಾನಿ ಇರುತ್ತದೆ, ಅದರ ಮೇಲೆ ಮೂರು ತಲೆಮಾರಿನ ಬಣ್ಣವೂ ಇರುತ್ತದೆ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಹಸಿರು, ಹಳದಿ, ಕೆಂಪು ಆಯಿಲ್ ಪೇಂಟಿನಲ್ಲಿ ಸೀಸ ಎಷ್ಟಿತ್ತೆಂದು ಕಣ್ಣಿನಿಂದ ಹೇಳಲಾಗದು. ಕೋಳಿ ಚಕ್ಕೆ ಕುಕ್ಕಿದರೆ ಸೀಸ ಎಲುಬಿನಲ್ಲಿ ಕೂತು, ಮೊಟ್ಟೆಗೆ ಇಳಿಯುತ್ತದೆ. ಉಜ್ಜಿ ತೆಗೆಯುತ್ತೇನೆಂದರೆ ಆ ಧೂಳು ಉಜ್ಜುವವನ ಎದೆ ಸೇರುತ್ತದೆ. ಅಂಥ ಬಾಗಿಲನ್ನು ಮಾರಿ, ಆ ದುಡ್ಡಿನಲ್ಲಿ ಜಾಲಿ ಕಟ್ಟಿಗೆ ತರುವುದೇ ಲೇಸು.

ಹಿತ್ತಲ ಗೂಡುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಗ್ಯಾರೇಜಿನಿಂದ ತಂದ ಸುಟ್ಟ ಎಣ್ಣೆಯನ್ನು ಒರಲೆಗೆಂದು ಬಳಿಯುವುದು. ಇಂಜಿನ್ನಿನಲ್ಲಿ ಬೆಂದ ಎಣ್ಣೆಯಲ್ಲಿ ಲೋಹದ ಪುಡಿಯೂ ಕ್ರಿಯೋಸೋಟ್‌ನಲ್ಲಿರುವಂಥ ಸಂಯುಕ್ತಗಳೂ ಇರುತ್ತವೆ. ರೆಕ್ಕೆಗೆ ಅಂಟುತ್ತದೆ, ಕೋಳಿ ಕೊಕ್ಕಿನಿಂದ ತಿದ್ದಿಕೊಳ್ಳುವಾಗ ಹೊಟ್ಟೆಗೆ ಹೋಗುತ್ತದೆ. ಇದರ ತಮ್ಮ ಕ್ಲೋರೋಪೈರಿಫಾಸ್. ಕಬ್ಬಿಗೆ ಹೊಡೆದು ಉಳಿದದ್ದನ್ನು ಗೂಡಿನ ಕಾಲಿಗೂ ಹೊಡೆಯುವವರು ಒಂದು ಸಂಗತಿ ತಿಳಿದಿರಬೇಕು. ಈ ಗುಂಪಿನ, ಎಂದರೆ ಆರ್ಗನೋಫಾಸ್ಫೇಟ್ ಕೀಟನಾಶಕಗಳು ನರಗಳಿಗೆ ತಡವಾಗಿ ಲಕ್ವಾ ಹೊಡೆಸುತ್ತವೆಯೇ ಎಂದು ಪರೀಕ್ಷಿಸಲು ಜಗತ್ತಿನ ಪ್ರಯೋಗಾಲಯಗಳು ಆರಿಸಿಕೊಂಡಿರುವ ಪ್ರಾಣಿ ಇಲಿಯಲ್ಲ, ಕೋಳಿ.

ನಿಪ್ಪಾಣಿಗೆ ತನ್ನದೇ ಆದ ಇನ್ನೊಂದು ಪ್ರಶ್ನೆ ಇದೆ: ತಂಬಾಕು. ವಖಾರಿಯ ಹಲಗೆ, ಗೋಣಿ, ತಂಬಾಕಿನ ಕಡ್ಡಿಗಳು ಗೂಡಿಗೆ ಬರುವುದು ಸಹಜ. ಕಡ್ಡಿ ಹಾಸಿದರೆ ಹೇನು ಓಡುತ್ತವೆ ಎಂಬ ಮಾತಿನಲ್ಲಿ ಹುರುಳಿದೆ. ಅಮೆರಿಕದಲ್ಲಿ ‘ಬ್ಲ್ಯಾಕ್ ಲೀಫ್ 40’ ಎಂಬ ನಿಕೋಟಿನ್ ಸಲ್ಫೇಟ್ ದ್ರಾವಣವನ್ನು ಸಂಜೆ ಅಡ್ಡಗೋಲಿಗೆ ಬಳಿದು, ಕೋಳಿಯ ಮೈ ಬಿಸಿಗೆ ಏಳುವ ಹೊಗೆಯಿಂದಲೇ ಹೇನು ಸಾಯಿಸುತ್ತಿದ್ದರು. ಗಾಳಿಯಾಡದ ಗೂಡಿನಲ್ಲಿ ಕೋಳಿಯೂ ಸಾಯುವಷ್ಟು ತೀಕ್ಷ್ಣ ಮದ್ದು ಅದು. ನಿಕೋಟಿನ್ ಸಲ್ಫೇಟ್ ಬಳಕೆಯನ್ನು ಭಾರತ 1992ರಲ್ಲಿ ನಿಷೇಧಿಸಿ, ರಫ್ತಿಗಾಗಿ ತಯಾರಿಕೆಯನ್ನಷ್ಟೇ ಉಳಿಸಿತು. ವಖಾರಿಯ ಹಲಗೆಯನ್ನು ಚೆನ್ನಾಗಿ ತೊಳೆದು, ತಿಂಗಳುಗಟ್ಟಲೆ ಬಿಸಿಲು–ಮಳೆಗೆ ಬಿಟ್ಟು ಬಳಸಿದರೆ ಅಡ್ಡಿಯಿಲ್ಲ, ನಿಕೋಟಿನ್ ನೀರಿನಲ್ಲಿ ಕರಗುವಂಥದು. ಪುಡಿ ಅಂಟಿದ ಗೋಣಿಯನ್ನು ಮರಿಗಳ ಕೆಳಗೆ ಹಾಸುವುದು ಮಾತ್ರ ಬೇಡ.

ಹಳೆಯ ಕಟ್ಟಿಗೆ ಎಷ್ಟು ಕಾಲ ಹಗೆ ಸಾಧಿಸಬಲ್ಲದು ಎಂಬುದಕ್ಕೆ ಪೋಲೆಂಡಿನ ಉದಾಹರಣೆ ಇದೆ. ಅಲ್ಲಿನ ಹಳೆಯ ಕೋಳಿಮನೆಯೊಂದರ ಮೊಟ್ಟೆಯಲ್ಲಿ ಡಯಾಕ್ಸಿನ್ ಎಂಬ ವಿಷ ಕಂಡಾಗ ಮೂಲ ಹುಡುಕಿದರು. ಮೇವಲ್ಲ, ನೀರಲ್ಲ. ಹಿಂದೆಂದೋ ಪೆಂಟಾಕ್ಲೋರೋಫಿನಾಲ್ ಎಂಬ ಮರದ ಮದ್ದು ಬಳಿದಿದ್ದ ತೊಲೆಗಳೇ ಮೂಲ ಎಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಭಾರತದಲ್ಲೂ ಈ ರಾಸಾಯನಿಕ ನಿಷೇಧಿತ. ಇದೇ ಬಳಗದ ಮದ್ದು ತಾಗಿದ ಮರದ ಹೊಟ್ಟನ್ನು ಕೋಳಿಗೆ ಹಾಸಿದರೆ, ಹೊಟ್ಟಿನಲ್ಲಿ ಬೆಳೆಯುವ ಬೂಷ್ಟು ಅದನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸಿ ಮಾಂಸಕ್ಕೆ ಮುಗ್ಗಲು ವಾಸನೆ ತರುತ್ತದೆ ಎಂಬುದನ್ನು 1970ರ ದಶಕದ ಆರಂಭದಲ್ಲೇ ಇಂಗ್ಲೆಂಡಿನಲ್ಲಿ ಕಂಡುಕೊಂಡಿದ್ದರು. ಆದ್ದರಿಂದ ಕಟ್ಟಿಗೆ ಅಡ್ಡೆಯಿಂದ ಹೊಟ್ಟು ತರುವಾಗಲೂ ಯಾವ ಮರ ಕೊಯ್ದದ್ದು ಎಂದು ವಿಚಾರಿಸಬೇಕು. ಪ್ಲೈವುಡ್, ಎಂಡಿಎಫ್ ಕೊಯ್ದ ಪುಡಿಯಲ್ಲಿ ಅಂಟು ಬೆರೆತಿರುತ್ತದೆ. ಹೊಟ್ಟಿನ ಬದಲು ಭತ್ತದ ಸಿಪ್ಪೆ, ಶೇಂಗಾ ಸಿಪ್ಪೆ ಹಾಸಬಹುದು. ಕಬ್ಬಿನ ರವದಿ, ಕಾರ್ಖಾನೆಯ ಬಗಾಸ್ ಕೂಡ ನಡೆಯುತ್ತವೆ, ಕಡ್ಡಾಯವಾಗಿ ಒಣಗಿರಬೇಕು. ಒದ್ದೆಯಾದರೆ ಬೂಷ್ಟು ಮರಿಗಳ ಉಸಿರಿಗೆ ಕುತ್ತು ತರುತ್ತದೆ.

ಇಷ್ಟೆಲ್ಲ ವಿಷದ ಮಾತಾಡಿದ ಮೇಲೆ ಇದನ್ನೂ ಹೇಳಬೇಕು: ಈ ಒಣ ಸೀಮೆಯ ಹಿತ್ತಲ ಗೂಡಿನಲ್ಲಿ ಕಟ್ಟಿಗೆಯಿಂದಾಗುವ ದೊಡ್ಡ ನಷ್ಟ ವಿಷದ್ದಲ್ಲ, ಬಿರುಕಿನದು. ಕೋಳಿ ಉಣ್ಣಿ ಹಗಲೆಲ್ಲ ಹಲಗೆಯ ಸಂದಿನಲ್ಲಿ, ಸಿಪ್ಪೆಯ ಕೆಳಗೆ ಅಡಗಿ, ರಾತ್ರಿ ಬಂದು ರಕ್ತ ಹೀರಿ ಮತ್ತೆ ಸಂದು ಸೇರುತ್ತದೆ. ಹಗಲಲ್ಲಿ ಕೋಳಿಯ ಮೈ ತಡವಿದರೆ ಬಲಿತ ಉಣ್ಣಿ ಸಿಗುವುದಿಲ್ಲ. ಒಮ್ಮೆ ಉಂಡ ಉಣ್ಣಿ ವರ್ಷಗಟ್ಟಲೆ ಉಪವಾಸ ಇರಬಲ್ಲದು. ಕೋಳಿ ತೆಗೆದು ಗೂಡನ್ನು ಒಂದು ಸುಗ್ಗಿ ಖಾಲಿ ಬಿಟ್ಟರೂ ಕಾಯುತ್ತ ಕೂತಿರುತ್ತದೆ. ಜುಟ್ಟು ಬಿಳಚಿಕೊಂಡು, ಹಸಿರು ಬೇಧಿಯಾಗಿ ಸಾಯುವ ಉಣ್ಣಿ ಜ್ವರವನ್ನೂ ಅದೇ ಹಂಚುತ್ತದೆ. ಜಾಲಿಯ ಸಿಪ್ಪೆ ತೆಗೆಯಲೇಬೇಕು ಎಂದದ್ದು ಇದಕ್ಕಾಗಿ. ಹಲಗೆಗೆ ಹಲಗೆ ಒತ್ತಿ ಜಡಿದ ಜೋಡಣೆಗಿಂತ ಬಿಡಿಬಿಡಿಯಾದ ಪಟ್ಟಿ ಒಳ್ಳೆಯದು, ಸಂದಿಗೆ ಬಿಸಿಲೂ ಕುಂಚವೂ ತಲುಪಬೇಕು. ಅಡ್ಡಗೋಲನ್ನು ಮೊಳೆ ಹೊಡೆಯದೆ ಕೊರಕಲಿನಲ್ಲಿ ಕೂರಿಸಿದರೆ ತಿಂಗಳಿಗೊಮ್ಮೆ ತೆಗೆದು ತುದಿಗಳನ್ನು ಬೆಂಕಿಗೆ ಹಿಡಿಯಬಹುದು. ಉಣ್ಣಿ ಕೂರುವುದು ಆ ತುದಿಗಳಲ್ಲೇ. ಉಳಿದ ಬಿರುಕಿಗೆಲ್ಲ ವರ್ಷಕ್ಕೆರಡು ಸಲ ದಪ್ಪ ಸುಣ್ಣ. ಸುಣ್ಣಕ್ಕಿಂತ ಅಗ್ಗದ, ಕೋಳಿಗೆ ಹಿತವಾದ ಬಣ್ಣ ಇನ್ನೂ ಬಂದಿಲ್ಲ.

ಅಡ್ಡಗೋಲಿನ ಗಾತ್ರವೂ ಹಕ್ಕಿಗೆ ತಕ್ಕಂತೆ ಇರಬೇಕು. ಜವಾರಿ ಕೋಳಿ ತೆಳ್ಳನೆಯ ಕೋಲಿನ ಮೇಲೂ ಸಂಭಾಳಿಸುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಹಾಗಲ್ಲ, ಹುಂಜ ಬಲಿತರೆ ನಾಲ್ಕು ಕಿಲೋ ದಾಟುತ್ತದೆ. ಅದಕ್ಕೆ ಅಂಗೈ ಅರ್ಧದಷ್ಟು ಅಗಲದ, ಅಂಚು ಉಜ್ಜಿದ ಪಟ್ಟಿ ಬೇಕು, ಎತ್ತರ ಮೊಳಕ್ಕಿಂತ ಹೆಚ್ಚು ಬೇಡ.

ಐದೂ ತಾಲ್ಲೂಕಿಗೆ ಒಂದೇ ಗೂಡು ಸಲ್ಲುವುದಿಲ್ಲ ಎಂಬುದನ್ನು ಹೊಳೆಯೇ ಹೇಳಿದೆ. 2005, 2019, 2021ರ ಮಹಾಪೂರಗಳಲ್ಲಿ ಚಿಕ್ಕೋಡಿ ತಾಲ್ಲೂಕಿನ ಯಡೂರ, ಮಾಂಜರಿ, ಇಂಗಳಿ, ಕಾಗವಾಡದ ಜುಗೂಳ, ರಾಯಬಾಗದ ಕುಡಚಿ ಕಡೆ ಜನ ದನಕರು ಹೊಡೆದುಕೊಂಡು ಮೇಲಿನ ನೆಲಕ್ಕೆ ಹೋದರು. ನೆಲಕ್ಕೆ ಹೂತ ಜಾಲಿ ಗೂಡನ್ನು ಯಾರೂ ಹೊತ್ತೊಯ್ಯಲಾರರು. ಹೊಳೆಸಾಲಿಗೆ ಬಿದಿರೇ ಸರಿ: ಇಬ್ಬರು ಎರಡು ತುದಿ ಹಿಡಿದರೆ ಏಳುವಂಥ ಗೂಡು. ಬಿದಿರಿಗೆ ಕುಟ್ಟೆ ಕಾಟ ಹೆಚ್ಚು, ಹರಿಯುವ ನೀರಿನಲ್ಲಿ ಮೂರ್ನಾಲ್ಕು ವಾರ ಮುಳುಗಿಸಿದರೆ ತಗ್ಗುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ಬೆರೆಸಿದ ನೀರಿನಲ್ಲಿ ನೆನೆಸಿ, ಪೂರ್ತಿ ಒಣಗಿಸಿ ಬಳಸುವುದು ಮರದ ಮದ್ದುಗಳಲ್ಲೆಲ್ಲ ಸೌಮ್ಯವಾದದ್ದು. ಮಳೆಗೆ ತೊಳೆದುಹೋಗುವುದರಿಂದ ಮೇಲೊಂದು ಸೂರು ಇರಬೇಕು, ನೆನೆಸಿದ ನೀರು ಕೋಳಿಗೆ ಸಿಗಬಾರದು. ಬಿದಿರಿನ ತೆರೆದ ಕೊಳವೆ ಉಣ್ಣಿಗೆ ಅರಮನೆ. ಗಿಣ್ಣಿನ ಮೇಲೆಯೇ ಕತ್ತರಿಸಬೇಕು, ಇಲ್ಲವೇ ತುದಿಗೆ ಮಣ್ಣು ಮೆತ್ತಬೇಕು. ಕೊಂಕಣದಿಂದ ಬರುವ ಮಾಣಗಾ ಬಿದಿರು ಹೆಚ್ಚುಕಡಿಮೆ ಒಳಗೂ ತುಂಬಿಕೊಂಡಿರುವುದರಿಂದ ಆ ತಾಪತ್ರಯ ಕಡಿಮೆ.

ಅಥಣಿಯ ಪೂರ್ವಕ್ಕೆ, ತೆಲಸಂಗದ ಕಡೆಗೆ ಹೋದರೆ ಲೆಕ್ಕ ತಿರುಗುತ್ತದೆ. ಮಳೆ ಕಡಿಮೆ, ಒರಲೆ ಜಾಸ್ತಿ, ಬೇಸಿಗೆಯಲ್ಲಿ ತಗಡಿನ ಕೆಳಗೆ ಕೋಳಿ ಬಾಯಿ ಬಿಟ್ಟು ತೇಕುತ್ತದೆ. ಅಲ್ಲಿ ಜಾಲಿಯ ಕೆಚ್ಚಿನ ಕಾಲು, ಬೇವಿನ ನೆರಳು, ತಗಡಿನ ಮೇಲೆ ರವದಿಯ ಹೊದಿಕೆ. ಕಾಲನ್ನು ಮಣ್ಣಿನಲ್ಲಿ ಹೂಳದೆ ಹಾಸುಗಲ್ಲಿನ ಮೇಲೆ ನಿಲ್ಲಿಸಿದರೆ ಒರಲೆಯ ಮಣ್ಣಿನ ದಾರಿ ಕಣ್ಣಿಗೆ ಕಾಣುತ್ತದೆ, ಕಸಬರಿಗೆಯಲ್ಲಿ ಕೆರೆದರಾಯಿತು. ಹೂಳಲೇಬೇಕಾದರೆ ಹೂಳುವ ತುದಿಯನ್ನು ಬೆಂಕಿಯಲ್ಲಿ ಕರಿಯಾಗುವಂತೆ ಸುಡುವ ಹಳೆಯ ಪದ್ಧತಿ ಸುಟ್ಟ ಎಣ್ಣೆಗಿಂತ ಲೇಸು.

ಕಡಿಯುವ ಮುಂಚೆ ಕಾಯ್ದೆಯದೊಂದು ಮಾತು. ಸ್ವಂತ ಹೊಲದ ಮರವಾದರೂ ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅನೇಕ ಜಾತಿಗಳಿಗೆ ಅನ್ವಯಿಸುತ್ತದೆ. ಸಾಗವಾನಿ ಮುಟ್ಟುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಬಿದಿರಿನ ವಿಷಯದಲ್ಲಿ ತೊಡಕು ಕಡಿಮೆಯಾಗಿದೆ. 2017ರ ತಿದ್ದುಪಡಿಯಿಂದ ಭಾರತೀಯ ಅರಣ್ಯ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟಿದ್ದಾರೆ. ಹೊಲದ ಬದುವಿಗೆ ನಾಲ್ಕು ಮೆಳೆ ಹಚ್ಚಿದರೆ ಮೂರ್ನಾಲ್ಕು ವರ್ಷಕ್ಕೆ ಗೂಡಿಗೆ ಸಾಕಾಗುವಷ್ಟು ಗಳ ಬರುತ್ತವೆ.